ಒಂದು ಪುಟವೂ ಹರಿಯಲಿಲ್ಲ

ಅಣ್ಣಾ,

ಇವತ್ತು ನಮ್ಮ ವಿದ್ಯಾಪೀಠದ ಹೆಬ್ಬಾಗಿಲಿಗೆ ಫಲಕ ಬಂತು: ‘ಗಲಭೆಯ ಆರು ವರ್ಷ ಇಲ್ಲಿ ಒಂದು ಪುಟವೂ ಹರಿಯಲಿಲ್ಲ.’ ಹಾರ, ಫಲಾಹಾರ, ಹೊಗಳಿಕೆಯ ಭಾರ ಎಲ್ಲ ಆಯಿತು.

ಮೊಳೆ ಹೊಡೆಯಲು ಬಂದ ಬಡಗಿ ಬಾಗಿಲು ಸವರಿ, “ಯಾರೋ ಕಲ್ಲಲ್ಲಿ ಕುಟ್ಟಿದ ಹಾಗಿದೆಯಲ್ಲ ಸ್ವಾಮಿ?” ಎಂದ.

“ಗಾಳಿ ಇರಬೇಕು ಕಣಯ್ಯಾ,” ಎಂದರು ಗುರುಗಳು.

“ಗಾಳಿ ಕಲ್ಲು ಹಿಡ್ಕೊಂಡು ಬಂದಿತ್ತಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಓದಲು ಹಿಡಿದ ಅಧ್ಯಾಯ ಮುಗಿಯದೆ ಯಾರೂ ಏಳಬಾರದೆಂಬ ನಮ್ಮ ನಿಯಮ ನಿನಗೆ ಗೊತ್ತೇ ಇತ್ತು. ಗಲಭೆಯ ನಡುವೆ ನೀನು ಓಡಿ ಬಂದು ಬಾಗಿಲು ಕುಟ್ಟಿದ ದಿನ ಓದುತ್ತಿದ್ದವನು ನಾನು. ಹನ್ನೊಂದು ಸಾಲು ಬಾಕಿಯಿತ್ತು. “ತಮ್ಮಾ, ಬಾಗಿಲು ತೆಗಿಯೋ” ಎಂಬ ನಿನ್ನ ದನಿ ಕೇಳಿಸಿತು. ನನ್ನ ದನಿ ಏರಿಸಿ ಓದಿದೆ. ಅಧ್ಯಾಯ ಮುಗಿಸಿ ಬಾಗಿಲು ತೆಗೆದಾಗ ನೀನು ಕುಟ್ಟಿದ ಕಲ್ಲು ಮಾತ್ರ ಇತ್ತು.

ಫಲಕವನ್ನು ಆ ಗುರುತಿನ ಮೇಲೆಯೇ ಹೊಡೆಸಿದೆ. ಅಳತೆ ಸರಿಯಾಗಿ ಕೂತಿತು.