ಹೊಗೆಯ ಖಂಡಕ್ಕೆ ಎಷ್ಟು ಉರಿ?

ಏಕಸಂಬಿ
೧೨-೧-೧೯೯೧

ನಮ್ಮ ಮನೆಯ ಒಲೆಯನ್ನು ಏಕಚ್ಛತ್ರವಾಗಿ ಆಳಿದ, ಹೊಗೆ-ಉರಿಗಳ ಒಡತಿ, ಸದ್ಯ ಭೋಜ ಗ್ರಾಮದ ತವರಿನಲ್ಲಿ ಬಿಜಯಂಗೈದಿರುವ ಶ್ರೀಮನ್ಮಹಾರಾಣಿ ಶೇವಂತಾ ವೈನಿಯವರ ಪಾದಗಳಿಗೆ ಮೈದುನ ಬಾಳುವಿನ ಸಾಷ್ಟಾಂಗ ನಮಸ್ಕಾರ.

ಅಪ್ಪ ಹಾಸಿಗೆ ಹಿಡಿದಿದ್ದಾನೆ. ನಿಮ್ಮನ್ನು ಮನೆಯಿಂದ ಹೊರಗೆ ಹಾಕಿದ ಅದೇ ಬಾಯಿಂದ ಹೋದ ವಾರ, ನೀವು ಒಲೆಯ ಮೇಲೆ ತಂತಿಗೆ ಪೋಣಿಸಿ ಹೊಗೆಯಲ್ಲಿ ಬೇಯಿಸುತ್ತಿದ್ದ ಆಡಿನ ಖಂಡ ಬೇಕೆಂದ. ನಾನೇ ಮಾಡಲು ಕೂತೆ. ಮೊದಲ ಸಲ ಒಲೆಗೆ ಕಬ್ಬಿನ ಒಣಸೋಗೆಯ ರವದಿ ತುರುಕಿದೆ. ಉರಿ ಭಗ್ಗನೆದ್ದು ಖಂಡ ಹೊರಗೆ ಇದ್ದಿಲಾಯಿತು, ಒಳಗೆ ಹಸಿ ರಕ್ತ. ಎರಡನೆಯ ಸಲ ಉರಿ ತೀರಾ ತಗ್ಗಿಸಿದೆ. ಬರೀ ಹೊಗೆ ಕುಡಿದ ಆ ಖಂಡವನ್ನು ನಾಯಿಯೂ ಮೂಸಲಿಲ್ಲ. ಅಪ್ಪ, "ಲೇ ಬಾಳ್ಯಾ, ಇದಕ್ಕ ಆಕಿ ಕೈಯೇ ಬೇಕಲೇ" ಎಂದು ಗೋಡೆಯ ಕಡೆ ಹೊರಳಿದ. ಅಣ್ಣ, ನಿಮ್ಮನ್ನು ಹೊರಗೆ ಹಾಕಿದ ದಿನದಂತೆಯೇ, ಎದ್ದು ಹೋದ.

ಜಾಲಿ ಕಟ್ಟಿಗೆಯ ಕೆಂಡ ಎಷ್ಟಿರಬೇಕು, ತಂತಿ ಎಷ್ಟು ಎತ್ತರವಿರಬೇಕು ಎಂದು ದಯಮಾಡಿ ಅಪ್ಪಣೆ ಕೊಡಿಸಬೇಕು. ಬರೆದು ಕಳಿಸಿದರೆ ನನ್ನ ತಲೆಗೆ ಹೋಗದು, ಬಂದು ತೋರಿಸಿದರೆ ಉತ್ತಮ. ಪತ್ರ ತಂದ ಹಾಲಿನ ಗಾಡಿಯವನು ಸಂಜೆ ಇತ್ತ ಮರಳುತ್ತಾನೆ. ಅಣ್ಣ ಬಾಗಿಲಲ್ಲೇ ನಿಂತಿರುತ್ತಾನೆ, ಬೈಯುವುದಿದ್ದರೆ ಅಲ್ಲೇ ಬೈಯಿರಿ.

ನಿಮ್ಮ ಅಡುಗೆಮನೆಯ ಸೋತ ಸೇನಾಪತಿ,
ಬಾಳು

ತಾ.ಕ.: ವೈನಿ, ಖಂಡ ಬರೀ ನನ್ನ ನೆಪ. ಮೊನ್ನೆಯಿಂದ ಅಪ್ಪನ ಗಂಟಲಲ್ಲಿ ನೀರೂ ಇಳಿದಿಲ್ಲ.