ಮಾರುಕಟ್ಟೆಯ ಅನುಭವ: ಮೂವತ್ತು ವರ್ಷ

ಷೇರು ಖಾತೆಗಳ ಪರಿಶೀಲನಾಧಿಕಾರಿಗಳೇ,

ನಮ್ಮ ಸೋದರತ್ತೆ ಗುರಮ್ಮನ ಷೇರು ಖಾತೆಗೆ ತಾವು ಬೀಗ ಜಡಿದು ಇಂದಿಗೆ ಇಪ್ಪತ್ತಾರು ದಿನ. ಪೇಟೆ ನೆಲ ಕಚ್ಚಿದೆ, ಆಕೆಗೆ ಕೊಳ್ಳುವ ಹುರುಪು ಬಂದಿದೆ, ತೊಗರಿ ಮಾರಿದ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಕುಳಿತಿದೆ. ಪೇಟೆ ಮತ್ತೆ ಏರಿದ ಮೇಲೆ ತಾವು ಬೀಗ ತೆಗೆದರೆ, ಅದು ಮದುವೆ ಮುಗಿದ ಮೇಲೆ ವಾಲಗದವರು ಬಂದಂತೆ.

ಆಕೆಯ ಅಪರಾಧವಾದರೂ ಏನು? ತಮ್ಮ ಅರ್ಜಿಯಲ್ಲಿ ‘ಮಾರುಕಟ್ಟೆಯ ಅನುಭವ ಎಷ್ಟು ವರ್ಷ?’ ಎಂಬ ಪ್ರಶ್ನೆಯಿತ್ತು. ಖಜೂರಿಯಲ್ಲಿ ಆನ್‌ಲೈನ್ ಸೇವಾ ಕೇಂದ್ರ ಇಟ್ಟುಕೊಂಡಿರುವ ನಾನು ಅದನ್ನು ಓದಿ ಹೇಳಿದೆ. ಆಳಂದದ ತೊಗರಿ ಮಾರುಕಟ್ಟೆಗೆ ತಪ್ಪದೆ ಹೋಗಿಬಂದ ಅತ್ತೆ, “ಮೂವತ್ತ್ ವರ್ಷ ಬರಿ. ಕಮ್ಮಿ ಬರದ್ರ ಹೊಸಬಿ ಅಂತ ತಿಳದು ರೇಟ್ ಇಳಸ್ತಾರ” ಎಂದಳು. ಬರೆದೆ. ಸುಳ್ಳು ಮಾಹಿತಿ ಎಂದು ತಾವು ತೀರ್ಮಾನಿಸಿದಿರಿ. ಯಾವ ಮಾರುಕಟ್ಟೆ ಎಂದು ಅರ್ಜಿಯಲ್ಲಿ ಎಲ್ಲಿ ಬರೆದಿತ್ತು ಸ್ವಾಮಿ?

ತಮ್ಮ ಇನ್ನೊಂದು ಅನುಮಾನ: ಸಮುದ್ರವನ್ನೇ ಕಾಣದ ಹೆಂಗಸು ಸಮುದ್ರದಲ್ಲಿ ಬೇರೆಯವರಿಗೆ ತೈಲಬಾವಿ ಕೊರೆದುಕೊಡುವ ಕಂಪನಿಯ ಷೇರು ಏಕೆ ಕೊಂಡಳು? ಇದನ್ನು ನಾನೂ ಕೇಳಿದ್ದೆ. ಅಫಜಲಪುರ ಕಡೆಗಿನ ಹೊಲದಲ್ಲಿ ಮೂರು ಬೋರ್ ಹೊಡೆಸಿ, ಮೂರರಲ್ಲೂ ಧೂಳು ಕಂಡವಳು ಆಕೆ.

“ನೀರ್ ಬಿದ್ರೂ ಬೋರ್ ಗಾಡಿಯವಂಗ ರೊಕ್ಕ, ಧೂಳ್ ಎದ್ರೂ ರೊಕ್ಕ. ಫೂಟಿನ ಲೆಕ್ಕ ಅವಂದು. ನನಗ ಎಣ್ಣಿ ಬಾವಿ ಬ್ಯಾಡ, ಬೋರ್ ಗಾಡಿ ಬೇಕು” ಎಂದಳು.

“ಅತ್ತಿ, ಕಚ್ಚಾ ಎಣ್ಣಿ ರೇಟ್ ಬಿದ್ರ ಬೋರ್ ಹೊಡಸೋರೇ ಇರಂಗಿಲ್ಲ.”

“ಅದಕ್ಕೇ ಈಗ ಸಸ್ತಾ ಅದ. ಮಳಿಗಾಲದಾಗ ಜೇವರ್ಗಿ ರೋಡಿಗಿ ಬೋರ್ ಗಾಡಿ ಸಾಲ್ ಹಚ್ಚಿ ನಿಂತಿರ್ತಾವ. ಬ್ಯಾಸಗಿ ಬರಂಗಿಲ್ಲೇನಲೇ?”

ಬೇಸಿಗೆ ತಡವಾಗಬಹುದೆಂಬುದೂ ಆಕೆಗೆ ಗೊತ್ತು. ಆದ್ದರಿಂದಲೇ ಬೀಜ, ಗೊಬ್ಬರದ ದುಡ್ಡು ಬೇರೆ ತೆಗೆದಿಟ್ಟು, ಮಿಕ್ಕದ್ದರಲ್ಲಿ ಅರ್ಧ ಮಾತ್ರ ಹಾಕುತ್ತಾಳೆ. ತಾವು ಬೀಗ ಜಡಿಯುವ ಮುನ್ನ, ಪೇಟೆ ಬಿದ್ದ ವಾರ, ಕಡಗಂಚಿಯ ವಿಶ್ವವಿದ್ಯಾಲಯದಿಂದ ಬಂದ ಪದವೀಧರರು ನನ್ನ ಕೇಂದ್ರದಲ್ಲಿ ಕುಳಿತು ಬೆವರುತ್ತ ಇದ್ದಬಿದ್ದ ಷೇರು ಮಾರಿದರು. ನಾಚಿಕೆಯಿಂದ ಹೇಳುತ್ತೇನೆ, ನಾನೂ ಮಾರಿದೆ. ಅರ್ಜಿಯಲ್ಲಿ ನಾವೆಲ್ಲ ಬರೆದ ಅನುಭವವನ್ನು ತಾವು ಮರುಮಾತಿಲ್ಲದೆ ಒಪ್ಪಿದ್ದೀರಿ. ಅತ್ತೆ ಒಂದು ಷೇರನ್ನೂ ಮಾರಲಿಲ್ಲ. “ರೇಟ್ ಬಿದ್ದ ದಿನ ಚೀಲ ಬಿಚ್ಚೋರು ಹುಚ್ಚರು” ಎಂದು ನನ್ನ ಮುಖಕ್ಕೇ ಹೇಳಿದಳು. ಈಗ ಹೇಳಿ, ಅನುಭವಸ್ಥರು ಯಾರು?

ಅನುಭವಕ್ಕೆ ಪ್ರಮಾಣಪತ್ರ ತನ್ನಿ ಎಂದಿರಿ. ತೊಗರಿಯ ಚೀಲಗಳು ಸಹಿ ಹಾಕುವುದಿಲ್ಲವಲ್ಲ! ಕಡೆಗೆ ಕಳೆದ ಸೋಮವಾರ ತಾವೇ ಫೋನ್ ಮಾಡಿ ಅರ್ಧ ಗಂಟೆ ಆಕೆಯ ಪರೀಕ್ಷೆ ನಡೆಸಿದಿರಿ. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ. ಕೊನೆಗೆ ತಮ್ಮ ದನಿ ಇದ್ದಕ್ಕಿದ್ದಂತೆ ತಗ್ಗಿತು.

“ಅಮ್ಮಾ, ನನ್ನ ಹತ್ತಿರವೂ ಅದೇ ಷೇರು ಇದೆ. ಇಟ್ಟುಕೊಳ್ಳಲೋ, ಮಾರಲೋ?”

“ಮೊದ್ಲು ನನ್ನ ಖಾತೆ ತೆಗೀರಿ ಸಾಹೇಬ್ರ. ಆಮ್ಯಾಲ ಹೇಳ್ತೇನಿ” ಎಂದಳು ಅತ್ತೆ.

ನಮ್ಮ ಬೇಡಿಕೆಯೂ ಅಷ್ಟೇ. ಬೇಗ ತೆರೆಯಿರಿ, ತಮಗೂ ಒಳ್ಳೆಯದು.

ಇಂತಿ,
ಪ್ರಶ್ನೆ ಸರಿಯಾಗಿ ಓದಿ ಹೇಳಿ, ಷೇರು ಮಾತ್ರ ಅವಸರಕ್ಕೆ ಮಾರಿಕೊಂಡ
ಕಲ್ಯಾಣಕುಮಾರ, ಖಜೂರಿ