ಎಕ್ಕದ ಹಾಲು ಬಿದ್ದ ಕಣ್ಣು

ಅವ್ವ,

ನೀನು ಸತ್ತ ಮೇಲೆಯೇ ನಾನು ಈ ಮನೆಗೆ ಬಂದದ್ದು. ಇಂದು ಕಿನ್ನಾಳದ ಫಕೀರಮ್ಮ ನಿನ್ನ ಔಷಧ ಕೇಳಿಕೊಂಡು ಬಂದಳು. ಜೊತೆಗಿದ್ದ ಮೊಮ್ಮಗಳ ಕಣ್ಣು ಕೆಂಪಾಗಿತ್ತು.

"ಹಿತ್ತಲದಾಗಿನ ಎಕ್ಕಿಗಿಡದ ಹಾಲು ಎರಡು ಹನಿ ಹಾಕವ್ವಾ. ನಿಮ್ಮವ್ವ ಮುಳ್ಳು ತೆಗಿಯಾಕ ಹಚ್ತಿದ್ಲು, ಕಣ್ಣಿಗಂದ್ರ ಮಾತ್ರ ಒಲ್ಲೆ ಅಂತ ಅಳ್ತಿದ್ಲು."

ಬೆಳ್ಳಗಾದ ನನ್ನ ಎಡಗಣ್ಣನ್ನು ಆಕೆಯ ಮುಖದ ಹತ್ತಿರ ಒಯ್ದೆ. "ನಾ ಆರು ವರ್ಷದಾಕಿ ಇದ್ದಾಗ ಅವ್ವನ ಈ ಹಾಲು ಹಾಕಿದ್ಲು, ನೋಡ್ರಿ. ಹುಡುಗೀನ ಕೊಪ್ಪಳದ ದವಾಖಾನಿಗೆ ಕರ್ಕೊಂಡು ಹೋಗ್ರಿ."

ಹುಡುಗಿ ಹೆದರಿ ಅತ್ತಳು. ಅಳಲಿ ಎಂದು ಬಿಟ್ಟೆ.

ನನ್ನೆದುರು ನೀನೆಂದೂ ಅತ್ತವಳಲ್ಲ. ಸಾಯುವ ಮುಂಚೆ ಬಾ ಎಂದು ಹೇಳಿಕಳಿಸಿದೆ, ನಾನು ಬೇಕೆಂದೇ ಬರಲಿಲ್ಲ. ನೀನು ಅಳುತ್ತಿದ್ದುದು ಗೊತ್ತಿದ್ದರೂ ಬರುತ್ತಿರಲಿಲ್ಲ. ಫಕೀರಮ್ಮನಿಗೂ ಅದನ್ನೇ ಹೇಳಿದೆ. ಆಕೆ ನಂಬಲಿಲ್ಲ.